ಎರಡು ಬಾಗಿಲಿನ ಡೇರೆ

ಮಡಿಕೇರಿಯ ಸನ್ನಿ ಸೈಡ್ ಬಂಗಲೆಗೆ ಒಂದು ಕಾಲದಲ್ಲಿ ಜನ ಹೋಗುತ್ತಿದ್ದುದು ಡ್ರೈವಿಂಗ್ ಲೈಸೆನ್ಸ್ ಮಾಡಿಸಲು. ಸಾರಿಗೆ ಇಲಾಖೆಯ ಕಚೇರಿ ಅಲ್ಲಿತ್ತು. ಈಗ ಅದು ಆ ಮನೆಯವರೇ ಆದ, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯನವರ ಹೆಸರಿನ ವಸ್ತುಸಂಗ್ರಹಾಲಯ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಪ್ರವಾಸಿಗರು ಹೊರಗಿನ ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಒಳಗೆ ಸಮವಸ್ತ್ರ, ಪದಕಗಳನ್ನು ನೋಡುತ್ತಾರೆ, ಮಳೆ ಹಿಡಿಯುವ ಮೊದಲು ರಾಜಾಸೀಟಿಗೆ ಹೋಗಬೇಕೆಂದು ಹೊರಟುಬಿಡುತ್ತಾರೆ. ಕೊರಿಯಾದ ಬಗ್ಗೆ ಕೇಳುವವರು ಕಡಿಮೆ. ಆ ಮನೆಯ ಹುಡುಗ ಮಾಡಿದ ಅತ್ಯಂತ ವಿಚಿತ್ರವಾದ ಕೆಲಸ ಮಾತ್ರ ನಡೆದದ್ದು ಕೊರಿಯಾದಲ್ಲೇ.

1953ರ ಜುಲೈನಲ್ಲಿ ಕೊರಿಯಾ ಯುದ್ಧ ನಿಂತಾಗ ಬಗೆಹರಿಯದೆ ಉಳಿದ ದೊಡ್ಡ ಗಂಟು ಯುದ್ಧಕೈದಿಗಳದು. ಸೆರೆ ಸಿಕ್ಕ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರು ತಮ್ಮ ದೇಶಕ್ಕೆ ಮರಳಲು ಒಲ್ಲೆ ಎನ್ನುತ್ತಿದ್ದರು. ಅವರನ್ನು ಬಲವಂತವಾಗಿ ಕಳಿಸಬೇಕೆ, ಬೇಡವೆ? ಈ ಒಂದೇ ಪ್ರಶ್ನೆಯಿಂದ ಕದನವಿರಾಮ ಒಂದು ವರ್ಷಕ್ಕೂ ಮೇಲ್ಪಟ್ಟು ತಡವಾಗಿತ್ತು. ಕೊನೆಗೆ ಐದು ದೇಶಗಳ ತಟಸ್ಥ ಆಯೋಗವೊಂದು ರಚನೆಯಾಯಿತು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಚೀನಾ, ಉತ್ತರ ಕೊರಿಯಾದ ಪಕ್ಷದ ನಂಬಿಕೆಯವು, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಅಮೆರಿಕ, ದಕ್ಷಿಣ ಕೊರಿಯಾದ ಪಕ್ಷದ ನಂಬಿಕೆಯವು. ನಡುವಿನ ಅಧ್ಯಕ್ಷಪೀಠ ಭಾರತದ್ದು, ಅದರಲ್ಲಿ ಕೂತವರು ತಿಮ್ಮಯ್ಯ. 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕಾಯಲು ಐದು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಹೋದರು.

ಹೋದರು ಎಂದರೆ ಸುಮ್ಮನೆ ಹೋದದ್ದಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರಿಗೆ ನೆಹರೂ ಅವರ ತಟಸ್ಥ ನೀತಿಯೆಂದರೆ ಮೈಯೆಲ್ಲ ಉರಿ. ಭಾರತದ ಒಬ್ಬ ಸಿಪಾಯಿಯೂ ತಮ್ಮ ನೆಲ ಮೆಟ್ಟಕೂಡದೆಂದು ಅವರು ಹಟ ಹಿಡಿದರು. ಹಾಗಾಗಿ ಇಂಚನ್ ಬಂದರಿನ ಆಚೆ ಹಡಗಿನಲ್ಲಿದ್ದ ನಮ್ಮವರನ್ನು ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ತಂಡ ತಂಡವಾಗಿ ಎತ್ತಿ, ದಕ್ಷಿಣ ಕೊರಿಯಾದ ಮಣ್ಣು ಸೋಕದಂತೆ, ನೇರ ಸೇನಾರಹಿತ ವಲಯಕ್ಕೆ ಇಳಿಸಲಾಯಿತು.

ಅಲ್ಲಿ ಡೇರೆಗಳು ಎದ್ದವು. ಕೈದಿಯೊಬ್ಬನನ್ನು ಒಳಗೆ ಕರೆತರುತ್ತಾರೆ. ಎದುರಿಗೆ ಅವನ ದೇಶದ ಅಧಿಕಾರಿಗಳು, ಪಕ್ಕದಲ್ಲಿ ಆಯೋಗದ ಸದಸ್ಯರು, ಮೇಲ್ವಿಚಾರಣೆಗೆ ಭಾರತೀಯ ಅಧಿಕಾರಿ. ಬಾ ಮಗನೇ, ತಾಯಿ ಕಾಯುತ್ತಿದ್ದಾಳೆ, ನಿನ್ನ ಮೇಲೆ ಯಾವ ಮೊಕದ್ದಮೆಯೂ ಇಲ್ಲ ಎಂಬ ಧಾಟಿಯಲ್ಲಿ ಮನವೊಲಿಕೆ ನಡೆಯುತ್ತದೆ. ಹೊರಹೋಗಲು ಎರಡು ಬಾಗಿಲು: ಒಂದರಿಂದ ಹೊರಟರೆ ಊರು, ಇನ್ನೊಂದರಿಂದ ಹೊರಟರೆ ಮತ್ತೆ ಶಿಬಿರ. ಕೆಲವು ಕೈದಿಗಳು ಕೂಗಾಡಿದರು, ಉಗಿದರು, ಎದುರು ಕೂತವರ ಮೇಲೆ ಏರಿಹೋದರು. ಹೆಚ್ಚಿನವರು ಶಿಬಿರದ ಬಾಗಿಲನ್ನೇ ಹಿಡಿದರು. ಚೀನೀಯರಲ್ಲಿ ಬಹುಪಾಲು ಮುಂದೆ ತೈವಾನಿಗೆ ಹೋದರು. ಇತ್ತ 21 ಅಮೆರಿಕನ್ ಸೈನಿಕರು ತಮ್ಮ ದೇಶ ಬೇಡವೆಂದು ಚೀನಾದ ಕಡೆಗೆ ನಿಂತರು. ಅಮೆರಿಕದ ಪತ್ರಿಕೆಗಳಿಗೆ ಅದನ್ನು ಅರಗಿಸಿಕೊಳ್ಳಲಾಗಲಿಲ್ಲ. ಎಂಬತ್ತಕ್ಕೂ ಹೆಚ್ಚು ಕೈದಿಗಳು ಎರಡೂ ಬೇಡವೆಂದು ಭಾರತದ ಹಡಗು ಹತ್ತಿದರು.

ದೇಶಗಳು ಪರದೇಶದವರ ಮನಸ್ಸು ಗೆಲ್ಲಲು ಹೂಡುವ ಆಟವನ್ನು ಇಷ್ಟು ಬೆತ್ತಲೆಯಾಗಿ ಬೇರೆಲ್ಲಿ ನೋಡಲು ಸಿಗುತ್ತದೋ ನಾನರಿಯೆ. ಅಮೆರಿಕದ ಜೋಸೆಫ್ ನೈ 1990ರಲ್ಲಿ ಇದಕ್ಕೆ ‘ಸಾಫ್ಟ್ ಪವರ್’ ಎಂದು ಹೆಸರಿಟ್ಟರು. ಬೆದರಿಸದೆ, ದುಡ್ಡು ಕೊಡದೆ, ಸೆಳೆತದಿಂದಲೇ ಇನ್ನೊಬ್ಬರನ್ನು ನಮಗೆ ಬೇಕಾದ ಕಡೆಗೆ ತಿರುಗಿಸುವುದು. ಹೆಸರು ಹುಟ್ಟುವ ಬಹಳ ಮೊದಲೇ ವ್ಯವಹಾರ ನಡೆದಿತ್ತು. ಫ್ರಾನ್ಸ್ ತನ್ನ ಭಾಷೆ ಕಲಿಸಲು ಅಲಿಯಾನ್ಸ್ ಫ್ರಾನ್ಸೇಸ್ ಕಟ್ಟಿದ್ದು 1883ರಲ್ಲಿ, ಬ್ರಿಟಿಷ್ ಕೌನ್ಸಿಲ್ ಬಂದದ್ದು 1934ರಲ್ಲಿ. ಮೌಲಾನಾ ಆಜಾದ್ ಅವರು 1950ರಲ್ಲಿ ನಮ್ಮ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯನ್ನು ಆರಂಭಿಸಿದರು. ಚೀನೀ ಭಾಷೆ ಕಲಿಸುವ ಚೀನಾದ ಮೊದಲ ಕನ್ಫ್ಯೂಷಿಯಸ್ ಸಂಸ್ಥೆ 2004ರಲ್ಲಿ ಸೋಲ್ ನಗರದಲ್ಲಿ ಬಾಗಿಲು ತೆರೆಯಿತು. ಅಂಥ ನೂರಾರು ಸಂಸ್ಥೆಗಳು ಎದ್ದವು, ಪಾಠದ ಹಿಂದೆ ಕಮ್ಯುನಿಸ್ಟ್ ಪಕ್ಷದ ನೆರಳಿದೆ ಎಂಬ ಅನುಮಾನ ಬಂದ ಮೇಲೆ ಅಮೆರಿಕದಲ್ಲಿ ಒಂದೊಂದಾಗಿ ಮುಚ್ಚಿದವು.

ಭಾರತೀಯ ಸಿಪಾಯಿಯ ಬೂಟು ತನ್ನ ನೆಲಕ್ಕೆ ತಾಗದಂತೆ ನೋಡಿಕೊಂಡ ದೇಶ ಇಂದು ಕೊಡಗಿನ ಮನೆಮನೆಯೊಳಗೆ ಕೂತಿದೆ. ನನ್ನ ತಂಗಿಯ ಮಗಳು ಪಿಯುಸಿಯಲ್ಲಿದ್ದಾಳೆ. ಕೊರಿಯಾದ ಧಾರಾವಾಹಿ ನೋಡುತ್ತ ಅನ್ನದ ತಟ್ಟೆ ಹಿಡಿದು ಕೂತರೆ ಕೈ ಒಣಗುವವರೆಗೆ ಏಳುವುದಿಲ್ಲ. “ದೊಡ್ಡಮ್ಮ, ಅವರೂ ನಮ್ಮ ಹಾಗೆ ಹಿರಿಯರಿಗೆ ಬಗ್ಗಿ ನಮಸ್ಕರಿಸುತ್ತಾರೆ ನೋಡಿ” ಎಂದು ನನಗೆ ಪಾಠ ಹೇಳುತ್ತಾಳೆ. ಸಿಂಗ್ಮನ್ ರೀ ಹೆಸರು ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. 1997ರ ಆರ್ಥಿಕ ಕುಸಿತದ ನಂತರ ದಕ್ಷಿಣ ಕೊರಿಯಾ ಹಾಡು, ಸಿನಿಮಾ, ಆಟಗಳನ್ನು ಉದ್ಯಮವೆಂದೇ ಬಗೆದು 1999ರಲ್ಲಿ ಅದಕ್ಕಾಗಿ ಕಾನೂನು ಮಾಡಿತು. ಸರ್ಕಾರ ಸಾಲ ಕೊಟ್ಟಿತು, ದಾರಿ ಮಾಡಿಕೊಟ್ಟಿತು, ಕತೆ ಬರೆಯಲು ಮಾತ್ರ ಹೋಗಲಿಲ್ಲ. ಅವರ ಒಳ್ಳೆಯ ಕತೆಗಳಲ್ಲಿ ಅವರದೇ ಸಮಾಜದ ಸಾಲ, ಪರೀಕ್ಷೆಯ ಹಿಂಸೆ, ಶ್ರೀಮಂತರ ದರ್ಪ ಎಲ್ಲವೂ ಬರುತ್ತದೆ. 2021ರಲ್ಲಿ ಬಿಟಿಎಸ್ ಎಂಬ ಹಾಡುಗಾರರ ತಂಡದ ಹುಡುಗರನ್ನು ಅಲ್ಲಿನ ಅಧ್ಯಕ್ಷರು ವಿಶೇಷ ರಾಯಭಾರಿಗಳಾಗಿ ವಿಶ್ವಸಂಸ್ಥೆಗೆ ಕರೆದುಕೊಂಡು ಹೋದರು. ಹುಡುಗರು ಜಗತ್ತನ್ನು ಗೆದ್ದಾದ ಮೇಲೆ ಸರ್ಕಾರ ಅವರ ಬೆನ್ನಿಗೆ ನಿಂತು ಫೋಟೊ ತೆಗೆಸಿಕೊಂಡಿತು ಎಂದರೆ ತಪ್ಪಾಗಲಾರದು.

ಸರ್ಕಾರವೇ ಎಲ್ಲವನ್ನೂ ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ತಲೆಮಾರಿನವರ ಹತ್ತಿರ ಸಾಕ್ಷಿ ಇದೆ. ಸೋವಿಯತ್ ರಾಯಭಾರ ಕಚೇರಿಯವರು ಭಾರತದ ಭಾಷೆಗಳಲ್ಲಿ ಒಂದು ಬಣ್ಣದ ಪತ್ರಿಕೆ ತರುತ್ತಿದ್ದರು. ನುಣುಪಾದ ದಪ್ಪ ಕಾಗದ. ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹೆಂಗಸು, ಗೋಧಿ ಹೊಲ, ಬಾಹ್ಯಾಕಾಶ ಯಾತ್ರಿಯ ಶಿರಸ್ತ್ರಾಣ. ಚಂದಾ ಬಲು ಅಗ್ಗ. ಜೂನ್ ಬಂತೆಂದರೆ ಮನೆಯಲ್ಲಿ ಅದರ ಹಾಳೆಗಳಿಗೆ ಜಗಳ. ಶಾಲೆಯ ಪುಸ್ತಕಕ್ಕೆ ಅದಕ್ಕಿಂತ ಗಟ್ಟಿಯಾದ ಬೈಂಡು ಇರಲಿಲ್ಲ, ಕೊಡಗಿನ ಮುಂಗಾರಿಗೂ ಅದು ಜಗ್ಗುತ್ತಿರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಯಾವುದೋ ಅಣೆಕಟ್ಟು ಇಡೀ ವರ್ಷ ಇತ್ತು. ಲೇಖನಗಳನ್ನು ಯಾರಾದರೂ ಓದಿದರೋ ಇಲ್ಲವೋ, ಅದೇ ದೇಶ ಅಗ್ಗದಲ್ಲಿ ಕಳಿಸಿದ ಮಕ್ಕಳ ಕತೆಗಳನ್ನು, ಟಾಲ್‌ಸ್ಟಾಯ್, ಚೆಕಾವ್ ಪುಸ್ತಕಗಳನ್ನು ಮಾತ್ರ ಓದಿದೆವು, ಇಂದಿಗೂ ಮರೆತಿಲ್ಲ. ಆ ಇಬ್ಬರೂ ಸೋವಿಯತ್ ಒಕ್ಕೂಟ ಹುಟ್ಟುವ ಮೊದಲೇ ತೀರಿಕೊಂಡವರು ಎಂಬುದು ಇದರಲ್ಲಿನ ತಮಾಷೆ.

ಕೊಡಗಿನ ಮಟ್ಟಿಗೆ ಮಾಸ್ಕೋದ ನಿಜವಾದ ನಂಟು ಪತ್ರಿಕೆಯದಲ್ಲ, ಕಾಫಿಯದು. ಆಗ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಕಣದಲ್ಲಿ ಒಣಗಿಸಿದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಎಂದರೆ ಎಲ್ಲರ ಕಾಫಿ ಸೇರಿಸುವ ಒಟ್ಟು ಸಂಗ್ರಹಕ್ಕೆ, ಹಾಕಬೇಕು. ಹಣ ಕಂತು ಕಂತಾಗಿ, ಕೊನೆಯ ಕಂತು ಎಷ್ಟೋ ಕಾಲದ ಮೇಲೆ ಬರುತ್ತಿತ್ತು. ಪೂಲಿನ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಲೆಕ್ಕ ಡಾಲರಿನಲ್ಲಲ್ಲ, ರೂಪಾಯಿಯಲ್ಲಿ. ನಾವು ಕಾಫಿ, ಚಹಾ ಕೊಟ್ಟೆವು, ಅವರು ಯಂತ್ರ, ಎಣ್ಣೆ, ಆಯುಧ ಕೊಟ್ಟರು. “ರಷ್ಯಾದವರಿಗೆ ಕೊಟ್ಟರೆ ಕಾಳು ಆರಿಸುವ ಕೆಲಸವೇ ಇಲ್ಲ” ಎಂದು ಸುಂಟಿಕೊಪ್ಪದ ನನ್ನ ಚಿಕ್ಕಪ್ಪ ನಗುತ್ತಿದ್ದರು. ಆ ನಗುವಿನಲ್ಲಿ ನಷ್ಟವೂ ಇತ್ತು: ಒಳ್ಳೆಯ ಕಾಫಿ ಮಾಡಿದವನಿಗೆ ಹೆಚ್ಚಿನ ಬೆಲೆ ಸಿಗದಿದ್ದರೆ ಯಾರು ಮೈ ಮುರಿಯುತ್ತಾರೆ?

ಪಶ್ಚಿಮದ ಕಡೆಯೂ ಇದೇ ಕತೆ, ವೇಷ ಮಾತ್ರ ಬೇರೆ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶಕ್ಕೂ ರಫ್ತಿನ ಕೋಟಾ ಕಟ್ಟಿ ಬೆಲೆಯನ್ನು ಹಿಡಿದು ನಿಲ್ಲಿಸಿತು. ಕಾಫಿ ಕೊಳ್ಳುವ ಅಮೆರಿಕ ಹೆಚ್ಚಿನ ಬೆಲೆ ತೆರಲು ಒಪ್ಪಿದ್ದೇಕೆ? ಕ್ಯೂಬಾದ ಕ್ರಾಂತಿ ಆಗಷ್ಟೇ ಮುಗಿದಿತ್ತು. ಕಾಫಿ ಬೆಲೆ ಬಿದ್ದರೆ ಬ್ರೆಜಿಲ್, ಕೊಲಂಬಿಯಾದ ರೈತರೂ ಕೆಂಪು ಬಾವುಟ ಹಿಡಿದಾರು ಎಂಬ ಹೆದರಿಕೆ. ಶೀತಲ ಸಮರ ಮುಗಿಯುತ್ತ ಬಂದಂತೆ ಹೆದರಿಕೆ ಹೋಯಿತು, 1989ರ ಜುಲೈನಲ್ಲಿ ಕೋಟಾವೂ ಹೋಯಿತು. ಬೆಲೆ ಪಾತಾಳ ಕಂಡಿತು. ಎರಡು ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲಿನ ಹಿಡಿತ 1992ರಿಂದ ಸಡಿಲವಾಗುತ್ತ ಬಂದು 1996ರಲ್ಲಿ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಸೋಮವಾರಪೇಟೆಯ ಸಣ್ಣ ಬೆಳೆಗಾರನೊಬ್ಬ ತನ್ನ ಸಾಲದ ಕಂತನ್ನು ಕಟ್ಟಲಾಗದೆ ಹೋದದ್ದರ ಹಿಂದೆ ವಾಷಿಂಗ್ಟನ್ನಿನ ಒಂದು ಭಯ ಹುಟ್ಟಿ ಸತ್ತ ಕತೆ ಇತ್ತು.

ಈಗ ನಮ್ಮ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿ. ಇಟಲಿ ಇಲ್ಲಿಗೆ ಪತ್ರಿಕೆ ಕಳಿಸಿಲ್ಲ, ಹಾಡು ಕಳಿಸಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ನಿಯಮವೊಂದು ಮಾತ್ರ ಬಂದಿದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತಮ್ಮ ಮಾರುಕಟ್ಟೆಗೆ ಬರಕೂಡದು, ತೋಟ ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ, ಗೊಣಗಾಟವೂ ನಡೆದಿದೆ. ಕೊಂಡುಕೊಳ್ಳುವ ಬಲವಿದ್ದವನಿಗೆ ಮನಸ್ಸು ಗೆಲ್ಲುವ ತಾಪತ್ರಯ ಬೇಕಿಲ್ಲ. ಸಂಸ್ಕೃತಿಯ ಮಾತೆತ್ತುವಾಗ ಈ ಒಣ ಸತ್ಯವನ್ನು ಪಕ್ಕಕ್ಕಿಟ್ಟು ಮಾತಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ. ಜಿಲ್ಲೆ ಬದಲಾಗಿ ಮೈಸೂರಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ಕಾಗದದಲ್ಲಿ ಅದು ಕೊಡಗಲ್ಲ. ಬದುಕಿನಲ್ಲಿ ಅವರ ಪೇಟೆ, ಬ್ಯಾಂಕು, ಬಸ್ಸು ಎಲ್ಲವೂ ಕುಶಾಲನಗರವೇ. ಮೆರೂನ್ ಬಣ್ಣದ ವಸ್ತ್ರದ ಭಿಕ್ಷುಗಳು ತರಕಾರಿ ಅಂಗಡಿಯಲ್ಲಿ ನಮಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾರೆ, ಅದೂ ಕನ್ನಡದಲ್ಲಿ. ಮುಸುಕಿನ ಜೋಳ ಬೆಳೆದವರು, ಚಳಿಗಾಲಕ್ಕೆ ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೋದವರು ಇವರು. ಅವರಿಗಿಂತ ಮೊದಲೇ ಹಿಮಾಲಯದ ಒಂದು ತುಣುಕು ಕೊಡಗಿಗೆ ಬಂದಿತ್ತು ಎಂಬುದು ಬೇರೆ ಮಾತು: ಕೊಡವರ ಬೊಳಕಾಟ್ ಕುಣಿಯುವಾಗ ಗಂಡಸರು ಹಿಡಿಯುವ ಚವರಿ ಚಮರೀಮೃಗದ ಬಾಲದ ಕೂದಲಿನದು.

1954ರ ಏಪ್ರಿಲ್ 29ರಂದು ಭಾರತ ಚೀನಾದೊಡನೆ ಪಂಚಶೀಲದ ಒಪ್ಪಂದಕ್ಕೆ ಸಹಿ ಹಾಕಿ, ಟಿಬೆಟ್ ಚೀನಾದ ಪ್ರದೇಶವೆಂದು ಬರೆದುಕೊಟ್ಟಿತು. ಐದೇ ವರ್ಷದಲ್ಲಿ, 1959ರ ಮಾರ್ಚ್‌ನಲ್ಲಿ, ದಲಾಯಿ ಲಾಮಾ ಗಡಿ ದಾಟಿ ಬಂದರು, ಭಾರತ ಬಾಗಿಲು ತೆರೆಯಿತು. ಮೈಸೂರು ರಾಜ್ಯ ಕಾಡುಭೂಮಿ ಕೊಟ್ಟಿತು, 1961ರಲ್ಲಿ ಬೈಲಕುಪ್ಪೆಯ ಮೊದಲ ವಸತಿ ಆರಂಭವಾಯಿತು. ಆನೆ ಅಡ್ಡಾಡುವ ಬಿದಿರು ಮೆಳೆಯಲ್ಲಿ, ಬಯಲುಸೀಮೆಯ ಸೆಕೆಯಲ್ಲಿ, ಹಿಮದ ನಾಡಿನವರು ನೆಲ ಹಸನು ಮಾಡಿದರು. ಸೆರಾ ಮಠ ಇಲ್ಲಿ ಮತ್ತೆ ಎದ್ದಿತು. ಪೆನೊರ್ ರಿನ್‌ಪೋಚೆ 1963ರಲ್ಲಿ ನಮ್‌ಡ್ರೋಲಿಂಗ್ ಆರಂಭಿಸಿದರು. ಭಾನುವಾರ ಕಾರುಗಳು ಸಾಲುಗಟ್ಟುವ ಗೋಲ್ಡನ್ ಟೆಂಪಲ್ ಅದೇ. ಬೈಲಕುಪ್ಪೆಯಲ್ಲೇ ಪ್ರವಾಸಿಗರು ಅಷ್ಟಾಗಿ ಗಮನಿಸದ ತಾಶಿ ಲುನ್ಪೊ ಮಠವಿದೆ. ಅದು ಟಿಬೆಟನ್ನರಿಗೆ ದಲಾಯಿ ಲಾಮಾರ ನಂತರದ ಹಿರಿಯ ಗುರುವಾದ ಪಂಚೆನ್ ಲಾಮಾ ಅವರ ಪೀಠ, ದೇಶಭ್ರಷ್ಟ ರೂಪದಲ್ಲಿ. 1995ರ ಮೇ ತಿಂಗಳಲ್ಲಿ ದಲಾಯಿ ಲಾಮಾ ಅವರು ಪಂಚೆನ್ ಲಾಮಾರ ಪುನರ್ಜನ್ಮವೆಂದು ಗುರುತಿಸಿದ ಆರು ವರ್ಷದ ಹುಡುಗನನ್ನು ಕೆಲವೇ ದಿನಗಳಲ್ಲಿ ಚೀನಾ ತನ್ನ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವನನ್ನು ಹೊರಜಗತ್ತು ಕಂಡಿಲ್ಲ. ಬೀಜಿಂಗ್ ತನ್ನದೇ ಒಬ್ಬನನ್ನು ಪೀಠದಲ್ಲಿ ಕೂರಿಸಿತು. ದೇವರನ್ನು ನಂಬದ ಪಕ್ಷವೊಂದು ಪುನರ್ಜನ್ಮದ ಅರ್ಜಿಗಳನ್ನು ಮಂಜೂರು ಮಾಡಲು ಕೂತಿರುವುದು ಏತಕ್ಕೆಂದರೆ, ಮುಂದಿನ ದಲಾಯಿ ಲಾಮಾ ಯಾರೆಂಬುದು ಮಂಗೋಲಿಯಾದಿಂದ ಲಡಾಖ್‌ವರೆಗೆ ಎಷ್ಟೋ ಜನರ ಒಲವನ್ನು ತಿರುಗಿಸುತ್ತದೆ.

ಭಾರತಕ್ಕೂ ಇದು ಗೊತ್ತು. 1990ರಲ್ಲಿ ಲಡಾಖಿನ ಕುಶೋಕ್ ಬಕುಲ ರಿನ್‌ಪೋಚೆಯನ್ನು ಮಂಗೋಲಿಯಾಕ್ಕೆ ರಾಯಭಾರಿಯಾಗಿ ಕಳಿಸಿದ್ದು ನನಗೆ ನಮ್ಮ ವಿದೇಶಾಂಗ ಖಾತೆಯ ಅತ್ಯಂತ ಜಾಣ ನೇಮಕವೆನಿಸುತ್ತದೆ. ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಬಹುಪಾಲು ಮಠಗಳು ನೆಲಸಮವಾಗಿದ್ದ ದೇಶದಲ್ಲಿ ಹತ್ತು ವರ್ಷ ಇದ್ದ ಆ ಲಾಮಾ ಧರ್ಮವನ್ನು ಮತ್ತೆ ಚಿಗುರಿಸಿದರು. ಬುದ್ಧನ ಪವಿತ್ರ ಅವಶೇಷಗಳನ್ನು 2022ರಲ್ಲಿ ಮಂಗೋಲಿಯಾಕ್ಕೆ, 2024ರಲ್ಲಿ ಥಾಯ್ಲೆಂಡಿಗೆ ದರ್ಶನಕ್ಕೆಂದು ಕಳಿಸಿದ್ದೂ ಇದೇ ಎಣಿಕೆಯಿಂದ. ಯೋಗ ದಿನದ ಬಗ್ಗೆ ಹೇಳಲು ಹೊಸದೇನಿಲ್ಲ. 177 ದೇಶಗಳು ಸಹಪ್ರಸ್ತಾಪಕರಾದವು, ಚಾಪೆ ಮಾರುವವರಿಗೂ ಒಳ್ಳೆಯದಾಯಿತು.

ಆದರೆ ಬೈಲಕುಪ್ಪೆಯ ವಿಷಯದಲ್ಲಿ ದೆಹಲಿಯ ನಡೆ ಅತಿಥಿಯನ್ನು ಮನೆಯಲ್ಲಿಟ್ಟುಕೊಂಡು, ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವವರ ಹಾಗಿದೆ. 2018ರಲ್ಲಿ ಟಿಬೆಟನ್ನರು ತಮ್ಮ ದೇಶಭ್ರಷ್ಟ ಬದುಕಿನ ಅರವತ್ತನೆಯ ವರ್ಷದ ಆರಂಭಕ್ಕೆ ‘ಥ್ಯಾಂಕ್ ಯೂ ಇಂಡಿಯಾ’ ಎಂಬ ಸಮಾರಂಭ ಇಟ್ಟುಕೊಂಡರು. ಚೀನಾದೊಡನೆ ಸಂಬಂಧ ಸೂಕ್ಷ್ಮವಾಗಿದೆ, ಹಿರಿಯ ಅಧಿಕಾರಿಗಳು, ನಾಯಕರು ಅಲ್ಲಿಗೆ ಹೋಗದಿರುವುದು ಒಳಿತು ಎಂದು ಸಂಪುಟ ಕಾರ್ಯದರ್ಶಿಗಳು ಪತ್ರ ಬರೆದರು. ದೆಹಲಿಯ ಕಾರ್ಯಕ್ರಮ ಹಿಮಾಚಲದ ಧರ್ಮಶಾಲಾ ಊರಿಗೆ ಹೋಯಿತು. ಕೃತಜ್ಞತೆ ಹೇಳಲು ಬಂದವರಿಗೆ ಜಾಗ ಸಿಗಲಿಲ್ಲ. ಎರಡೇ ವರ್ಷದ ಮೇಲೆ ಲಡಾಖ್ ಗಡಿಯ ಗಾಲ್ವನ್‌ನಲ್ಲಿ ಚೀನಾದೊಡನೆ ಘರ್ಷಣೆ ನಡೆಯಿತು. ಆ ವರ್ಷದ ಆಗಸ್ಟ್ ಕೊನೆಗೆ ಗಡಿಯಲ್ಲಿ ಹಳೆಯ ನೆಲಬಾಂಬ್ ಸಿಡಿದು ಸತ್ತ ಟಿಬೆಟನ್ ಯೋಧನ ಅಂತ್ಯಕ್ರಿಯೆಗೆ ಆಳುವ ಪಕ್ಷದ ನಾಯಕರು ಹೋದರು, ತ್ರಿವರ್ಣದ ಜತೆ ಟಿಬೆಟಿನ ಧ್ವಜವೂ ಶವಪೆಟ್ಟಿಗೆಯ ಮೇಲಿತ್ತು, ಕ್ಯಾಮೆರಾಗಳೂ ಇದ್ದವು. 2025ರ ಜುಲೈನಲ್ಲಿ ದಲಾಯಿ ಲಾಮಾ ತೊಂಬತ್ತು ತುಂಬುವ ಹೊತ್ತಿಗೆ ತಮ್ಮ ಪರಂಪರೆ ಮುಂದುವರಿಯುತ್ತದೆ, ಉತ್ತರಾಧಿಕಾರಿಯ ಮಾತು ತಮ್ಮ ಟ್ರಸ್ಟಿಗೆ ಸೇರಿದ್ದು ಎಂದು ಸಾರಿದಾಗ, ನಂಬಿಕೆಯ ವಿಷಯಗಳಲ್ಲಿ ಸರ್ಕಾರ ಯಾವ ನಿಲುವನ್ನೂ ತಳೆಯುವುದಿಲ್ಲ ಎಂದು ದೆಹಲಿ ಹೇಳಿತು.

ರಾಜತಂತ್ರಕ್ಕೆ ಇಂಥ ನುಣುಚಿಕೊಳ್ಳುವಿಕೆ ಬೇಕಾಗುತ್ತದೆ, ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಇಲ್ಲೇ ಹುಟ್ಟಿ, ಇಲ್ಲೇ ಕನ್ನಡ ಕಲಿತವರಿಗೆ ಭಾರತದ ಪಾಸ್‌ಪೋರ್ಟ್ ಬೇಕಾದರೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂಬುದು ಕಾನೂನಿನಲ್ಲೇ ಇದೆ. ಟಿಬೆಟನ್ನರಿಗೂ ಅದು ಅನ್ವಯವೆಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. ಹೊರದೇಶದವರು ಕ್ಯಾಂಪಿನಲ್ಲಿ ಒಂದು ರಾತ್ರಿ ಉಳಿಯಬೇಕಾದರೂ ಗೃಹ ಸಚಿವಾಲಯದ ಅನುಮತಿ ಪತ್ರ ಬೇಕು. ಈಗ ಅಲ್ಲಿನ ಹುಡುಗ ಹುಡುಗಿಯರು ಕೆನಡಾ, ಅಮೆರಿಕ ಎಂದು ಹೊರಟಿದ್ದಾರೆ. ಜಗತ್ತಿಗೆ ತೋರಿಸಲು ನಮ್ಮ ಬಳಿ ಇದ್ದ ದೊಡ್ಡ ಮಾತು, ಅಂದರೆ ನೆಲೆ ಕಳೆದುಕೊಂಡವರಿಗೆ ನೆಲ ಕೊಟ್ಟದ್ದು, ಮೆಲ್ಲಗೆ ಖಾಲಿಯಾಗುತ್ತಿದೆ.

ಮನೆಯೊಳಗಿನ ನಡತೆ ಹೊರಗಿನ ಮಾತಿಗೆ ಅಡ್ಡ ಬಂದದ್ದು ನಮಗೊಬ್ಬರಿಗೇ ಅಲ್ಲ. ಅಮೆರಿಕ 1956ರಿಂದ ಜ್ಯಾಝ್ ಸಂಗೀತಗಾರರನ್ನು ರಾಯಭಾರಿಗಳಂತೆ ಜಗತ್ತಿಗೆ ಕಳಿಸುತ್ತಿತ್ತು. 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಕರಿಯ ಮಕ್ಕಳನ್ನು ಬಿಡದಿದ್ದಾಗ ಲೂಯಿ ಆರ್ಮ್‌ಸ್ಟ್ರಾಂಗ್ ಸರ್ಕಾರದ ಪರವಾದ ಸೋವಿಯತ್ ಪ್ರವಾಸವನ್ನು ತಿರಸ್ಕರಿಸಿದರು. ಆ ತಿರಸ್ಕಾರದಿಂದ ಅಮೆರಿಕದ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಿತು. ತನ್ನ ಸರ್ಕಾರಕ್ಕೆ ಬೈದೂ ಮನೆಯಲ್ಲಿ ನೆಮ್ಮದಿಯಾಗಿ ಮಲಗಬಹುದಾದ ದೇಶವೆಂದರೆ ಸಣ್ಣ ಮಾತಲ್ಲ.

ನಮ್ಮಲ್ಲಿ ಆ ಕೆಲಸ ಮಾಡಿದವರು ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. ನಾಗರಿಕ ಸೇವಾ ಪರೀಕ್ಷೆ ಗೆದ್ದ ಮೊದಲ ಮಹಿಳೆ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದವರು. ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡರು. 1953ರಲ್ಲಿ ವಿಜಯಲಕ್ಷ್ಮಿ ಪಂಡಿತ್ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು, ನೋಡಿ ನಮ್ಮ ದೇಶದ ಹೆಣ್ಣು ಎಂದು ನಾವು ಜಗತ್ತಿನ ಮುಂದೆ ಎದೆಯುಬ್ಬಿಸಿದೆವು. 1961ರ ಸೇವಾ ನಿಯಮಗಳು ಮಾತ್ರ, ಅಧಿಕಾರಿಣಿ ಮದುವೆಯಾಗಲು ಸರ್ಕಾರದ ಒಪ್ಪಿಗೆ ಪಡೆಯಬೇಕು, ಸಂಸಾರ ಕೆಲಸಕ್ಕೆ ತೊಡಕೆನಿಸಿದರೆ ರಾಜೀನಾಮೆ ಕೊಡಬೇಕು ಎನ್ನುತ್ತಿದ್ದವು. 1970ರಲ್ಲಿ ಮುತ್ತಮ್ಮ ಹಂಗೇರಿಗೆ ರಾಯಭಾರಿಯಾದರು. ವೃತ್ತಿಪರ ಸೇವೆಯಿಂದ ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ. ಮುಂದೆ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು, ಕೆಲಸ ಮುಗಿಯಿತೆಂದುಕೊಂಡಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬಡ್ತಿ ಸಿಕ್ಕಿದೆಯಾದ್ದರಿಂದ ಅರ್ಜಿಯನ್ನು ವಜಾ ಮಾಡಿದರೂ, ಮದುವೆಯಾದ ಗಂಡಿಗೆ ಇರದ ಕಟ್ಟು ಹೆಣ್ಣಿಗೇಕೆ ಎಂದು ಆ ನಿಯಮಗಳನ್ನು ಜಾಲಾಡಿದರು. ನಿಯಮಗಳು ಹೋದವು.

ವಿದೇಶದಲ್ಲಿ ಭಾರತದ ಮುಖವಾಗಿದ್ದ ಈ ಹೆಂಗಸು ತಮ್ಮದೇ ದೇಶದ ಮೇಲೆ ದಾವೆ ಹೂಡಿ, ಮತ್ತೆ ಅದೇ ದೇಶದ ರಾಯಭಾರಿಯಾಗಿ ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡಿ, 1982ರಲ್ಲಿ ನಿವೃತ್ತರಾದರು. ಸನ್ನಿ ಸೈಡ್‌ಗೆ ಬರುವ ಶಾಲಾ ಮಕ್ಕಳಿಗೆ ಅವರ ಹೆಸರನ್ನೂ ಹೇಳಿಕೊಡುವ ಮೇಷ್ಟರುಗಳು ಇದ್ದರೆ ಅವರಿಗೆ ನನ್ನ ನಮಸ್ಕಾರ. ನಿವೃತ್ತಿಯ ನಂತರ ಅವರು ಇನ್ನೊಬ್ಬರ ಜತೆಗೂಡಿ ಕೊಡವ ಅಡುಗೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ತಂದರು. ಬುಡಾಪೆಸ್ಟಿನ ರಾಯಭಾರ ಕಚೇರಿಯ ಔತಣದಲ್ಲಿ ಅವರು ಪಂದಿಕರಿ ಬಡಿಸಿದ್ದರೋ, ದೆಹಲಿಯ ಶಿಷ್ಟಾಚಾರದ ಪನೀರಿಗೇ ಸುಮ್ಮನಾದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಡಿಸಿದ್ದರೆ ಹಂಗೇರಿಯವರಿಗೆ ಹಂದಿಮಾಂಸ ಹೊಸದಾಗಿರುತ್ತಿರಲಿಲ್ಲ. ಅದಕ್ಕೆ ಹಾಕಿದ ಕಪ್ಪು ಹುಳಿ ಯಾವುದೆಂದು ಕೇಳದೆ ಮಾತ್ರ ಯಾರೂ ಮೇಜು ಬಿಟ್ಟು ಏಳುತ್ತಿರಲಿಲ್ಲ.